ಅಪರಿಚಿತರ ತಾಲೀಮು

ಲವ್ ಮ್ಯಾರೇಜ್ ಅಂದರೆ ಎರಡೂ ಮನೆಯವರು ಕೆಂಡಾಮಂಡಲ. ಅದಕ್ಕೇ ನಾಲ್ಕು ವರ್ಷದಿಂದ ಪ್ರೀತಿಸುತ್ತಿದ್ದ ಇಬ್ಬರೂ ಮದುವೆ ಬ್ರೋಕರ್‌ನ ಕೈಕಾಲು ಹಿಡಿದು ಅವಳ ಜಾತಕವನ್ನು ಅವನ ಮನೆಗೆ ತಲುಪಿಸಿದರು. ಅಪರಿಚಿತರಂತೆ ನಟಿಸಲು ವಾರವಿಡೀ ಫೋನಿನಲ್ಲಿ ತಾಲೀಮು ನಡೆಯಿತು.

ಹೆಣ್ಣು ನೋಡುವ ದಿನ ಅವಳು ಉಪ್ಪಿಟ್ಟು ತಂದರೆ ಅವನು ತಲೆಯೆತ್ತಲಿಲ್ಲ.

"ನಿಮ್ಮ ಹೆಸರು?" ಎಂದ, ಎರಡು ಸಲ.

"ತಾರಸಿಗೆ ಹೋಗಿ ಮಾತಾಡ್ಕೊಂಡು ಬನ್ನಿ" ಎಂದರು ಅವಳಪ್ಪ.

ತಾರಸಿ ಬಾಗಿಲು ಹಾಕಿದ್ದೇ ತಡ, ಇಬ್ಬರಿಗೂ ನಗು ಉಕ್ಕಿತು.

"ಎರಡು ಸಲ ಹೆಸರು ಕೇಳ್ತೀಯಲ್ಲೋ, ಕಳ್ಳ!"

"ನೀನು ಗ್ಯಾಸ್ ಸಿಲಿಂಡರ್ ತಂದವನನ್ನ ನೋಡೋ ಹಾಗೆ ನೋಡಿದೆಯಲ್ಲೇ!"

ಒಣಹಾಕಿದ್ದ ಸಂಡಿಗೆ ಕದ್ದು ತಿಂದು, ಕೈಕೈ ಹಿಡಿದು ಒಂದು ಸುತ್ತು ಕುಣಿದು, ಮತ್ತೆ ಮುಖ ಗಂಟುಹಾಕಿಕೊಂಡು ಇಳಿದರು.

"ನಂಗೆ ಒಪ್ಪಿಗೆ" ಎಂದ ಅವನು, ಗೋಡೆಯ ಕ್ಯಾಲೆಂಡರ್ ನೋಡುತ್ತಾ.

"ಹಿರಿಯರು ಹೇಳಿದ ಹಾಗೆ" ಎಂದಳು ಅವಳು, ನೆಲ ನೋಡುತ್ತಾ.

ಅವನಮ್ಮ ಅವಳ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು.

"ನಮಗೋಸ್ಕರ ಒಪ್ಕೋಬೇಡ ಮಗಳೇ. ನಿಮ್ಮಿಬ್ಬರಿಗೂ ಮನಸ್ಸಿಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ. ಬಂಗಾರದಂಥ ಹುಡುಗಿ ನೀನು, ನಿನ್ನ ಬಿಡೋಕೆ ನಂಗಿಷ್ಟ ಇಲ್ಲ. ಅದಕ್ಕೇ ಈಗಷ್ಟೇ ನಮ್ಮಣ್ಣನ ಮಗನಿಗೆ ಫೋನ್ ಮಾಡಿದೆ, ನಾಳೆ ನಿನ್ನ ನೋಡೋಕೆ ಬರ್ತಾನೆ."