ಸೆಲ್ಫ್ ಹೊಡದಾಗ

ಗುಂಜೋಟ್ಯಾಗ ಯಾರಿಗಿ ಬೇಕಾದ್ರೂ ಕೇಳ್ರಿ, ಕಾರಿನ್ಯಾಗ ಕಂಪ್ಯೂಟರ್ ಕುಂದ್ರಿಸಿ ಇನ್ನೂರು ಕುರಿ ನಡಸಿದ ಹೀರೋ ಅಂದ್ರ ನಮ್ಮ ರೇವಣಸಿದ್ಧ ಒಬ್ಬನೇ. ಅಪ್ಪ ಅಮೃತಪ್ಪನ ಮೊಣಕಾಲ ಹೋಗಿ ಕುರಿ ಮಾರೋ ಮಾತು ನಡದಿತ್ತು. ಅದಕ್ಕೇ ಅಂವಾ ಕುರಿ ಕರಿಯೋ ಅಪ್ಪನ ಕೂಗು ಕಂಪ್ಯೂಟರಿನ್ಯಾಗ ತುಂಬಿ ಸ್ಪೀಕರ್ ಹಚ್ಚಿದಾ. ಮಂಜಿನ್ಯಾಗ ಕಾರಿನ ಹಿಂದ ಕುರಿ ಕರೀ ಮೋಡದಂಗ ತೇಲಿ ಬರ್ತಿದ್ವು.

ಉಮರ್ಗಾ ರೋಡಿಗೆ ಗಾಡಿ ಬಂದ್ ಬಿತ್ತು. ಸೆಲ್ಫ್ ಹೊಡೀಲಾಕ ಕೀಲಿ ಹಿಡದ ರೇವಣಸಿದ್ಧನ ಕೈ ಹಂಗೇ ನಿಂತಿತು. ಕಂಪ್ಯೂಟರಿನ ಸಾಮಾನು ಕೊಳ್ಳುಮುಂದ ಉದಗೀರದ ಅಂಗಡ್ಯಾಂವ ಹೇಳಿದ್ದಾ, "ಎಷ್ಟು ವ್ಯಾಟ್ ಅಂತ ನೋಡಬ್ಯಾಡೋ ತಮ್ಮಾ. ಸೆಲ್ಫ್ ಹೊಡದಾಗ ಬ್ಯಾಟರಿ ಕುಸೀತದ. ಆವಾಗ ತಡಿಯೋ ಪವರ್ ಸಪ್ಲೈ ಈ ಸಣ್ಣದು."

"ಸಣ್ಣದು ಸೈಡ್ ರೋಲಿಗಿ ಇಡ್ರಿ ಮಾಮಾ, ಹೀರೋಗ ದೊಡ್ಡದು ಕೊಡ್ರಿ," ಅಂದು ಇಂವಾ ದೊಡ್ಡ ವ್ಯಾಟಿನ ಡಬ್ಬಿ ತಂದಿದ್ದಾ.

"ತಿರುವೋ," ಅಂದಾ ಹಿಂದಿನ ಸೀಟಿನ್ಯಾಗ ಕಂಬಳಿ ಹೊದ್ದ ಅಪ್ಪ. ಕುರಿ ಕಾಯಾಂವ ಕಾರ್ ಹತ್ತಿದ್ರ ಮಂದಿ ನಗ್ತಾರ ಅಂತ ಎಂದೂ ಹತ್ತದಾಂವ, ಮಗನ ಡಬ್ಬಿ ಸೋಲೋದು ನೋಡ್ಲಾಕೇ ಇವತ್ತ ಹತ್ತಿದ್ದಾ. ಕೀಲಿ ತಿರುಗ್ತು. ಗಾಡಿ ಚಾಲೂ ಆಯ್ತು, ಕಂಪ್ಯೂಟರ್ ಆರಿತು, ಕೂಗು ನಿಂತಿತು. ಆದ್ರೂ ಕುರಿ ಬರ್ತಾನೇ ಇದ್ವು.

ಖರೇ ಹೇಳ್ತೀನ್ರಿ, ನಡಸಿದ್ದು ಹೀರೋ ಅಲ್ಲ. ಖಿಡಕಿಯಿಂದ ತಲಿ ಹೊರಗ ಹಾಕಿ ಅಪ್ಪನೇ ಕೂಗ್ಲಾಕ ಹತ್ತಿದ್ದಾ, ಮನಿ ಬಂದ್ರೂ ಕಾರ್ ಇಳೀಲಿಲ್ಲ.