ಎಲ್ಲ ಸಿಡಿಗೂ ಒಂದೇ ಡಿವಿಡಿ

ಡಿವಿಡಿ ಕಂಪ್ಯೂಟರಿನೊಳಗೆ ಹೋಗಿ ತಿರುಗತೊಡಗಿದರೂ ಪರದೆ ಇನ್ನೂ ಕಪ್ಪಾಗಿಯೇ ಇತ್ತು. ತಂಗಿ ಅಕ್ಕನ ಹಿಂದೆ ನಿಂತು ಇಣುಕಿದಳು. ಅಕ್ಕನ ಕಂಪ್ಯೂಟರ್ ರಿಪೇರಿ ಅಂಗಡಿಯ ಡಬ್ಬಿಯಲ್ಲಿದ್ದ ಇನ್‌ಸ್ಟಾಲ್ ಸಿಡಿಗಳನ್ನೆಲ್ಲ ಅವಳು ಈ ಒಂದೇ ಡಿವಿಡಿಗೆ ಇಳಿಸಿದ್ದಳು. ಹಿಂದಿನ ಸಲ ಎಲ್ಲ ತುಂಬಿ, ಕಂಪ್ಯೂಟರನ್ನು ಎಬ್ಬಿಸುವ ಬೂಟ್ ಫೈಲನ್ನೇ ಬಿಟ್ಟುಬಿಟ್ಟಿದ್ದಳು. "ಊರಿಗೆಲ್ಲ ಕರೆಯೋಲೆ ಕೊಟ್ಟು ಮದುಮಗಳನ್ನೇ ಮರೆತ ಹಾಗಾಯ್ತು ಕಣೇ," ಎಂದು ಅಕ್ಕ ಗಿರಾಕಿಗಳ ಮುಂದೆಯೇ ನಕ್ಕಿದ್ದಳು. ಇವತ್ತೂ ಕೈಕೊಟ್ಟರೆ ತನಗೆ ಮತ್ತೆ ಫೋನು ಎತ್ತುವ ಕೆಲಸವೇ ಗತಿ ಎಂದು ತಂಗಿಗೆ ಗೊತ್ತಿತ್ತು.

ಪರದೆ ಬೆಳಗಿತು. ನೀಲಿ ಹಿನ್ನೆಲೆಯಲ್ಲಿ ಅವಳೇ ಜೋಡಿಸಿದ ಹೆಸರುಗಳು ಸಾಲಾಗಿ ಮೂಡಿದವು. ಅಕ್ಕ ಮೊದಲನೆಯದನ್ನು ಒತ್ತಿದಳು. ಅಭ್ಯಾಸಬಲದಿಂದ ಅವಳ ಬಲಗೈ ಹಳೆಯ ಡಬ್ಬಿಯ ಎರಡನೆಯ ಸಿಡಿ ಹಿಡಿದು ಡ್ರೈವಿನ ಬಾಯಿಯ ಹತ್ತಿರ ಕಾದಿತ್ತು. ಆದರೆ ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಯಿತು. ಯಂತ್ರ ಏನನ್ನೂ ಕೇಳಲಿಲ್ಲ. ಕೊನೆಗೆ ಆ ಕೈ, ಕರೆಯದೆ ಬಂದ ನೆಂಟರ ಹಾಗೆ, ಮೆಲ್ಲಗೆ ಹಿಂದೆ ಸರಿಯಿತು.

"ಏನಮ್ಮ, ಇವತ್ತು ಸಿಡಿ ಬದಲಾಯಿಸೋದೇ ಇಲ್ವಾ? ನಿಮ್ಮ ಕೈ ಚೆನ್ನಾಗಿ ಪಳಗಿದೆ ಬಿಡಿ," ಎಂದರು, ಕಂಪ್ಯೂಟರ್ ತಂದು ಕಾಯುತ್ತಿದ್ದ ಔಷಧಿ ಅಂಗಡಿಯವರು.

ಅಕ್ಕ ಎದ್ದು ಕುರ್ಚಿಯನ್ನು ತಂಗಿಯ ಕಡೆಗೆ ತಿರುಗಿಸಿದಳು. "ನನ್ನ ಕೈಯಲ್ಲ ಸಾರ್, ಇದೆಲ್ಲ ನನ್ನ ತಂಗಿ ಮಾಡಿದ್ದು. ನಾನೂ ಇವಳ ಹತ್ರಾನೇ ಕಲೀಬೇಕು."

ತಂಗಿ ಕೂತಳು. ಬೆನ್ನು ತಾನಾಗಿಯೇ ನೆಟ್ಟಗಾಯಿತು.