ರೈಲು ಹೋದ ದಿಕ್ಕು

"ಈಗ ರೈಲು ಯಾವ ಕಡೆಯಿಂದ ಯಾವ ಕಡೆಗೆ ಹೋಯ್ತು ಮಾರಾಯ್ರೆ?"

ಹೊಸ ಸ್ಟೀರಿಯೋ ಜೋಡಿಸಲು ಮಂಡೆಕೋಲಿಗೆ ಬಂದಿದ್ದ ಮೆಕ್ಯಾನಿಕ್ ಮಾಯಿಲಪ್ಪನನ್ನು ಮನೆಯೊಡೆಯ ದೇರಣ್ಣ ಕೇಳಿದ. ಮಾಯಿಲಪ್ಪನ ಎಡಗಿವಿ ಕೇಳದೆ ವರ್ಷವಾಗಿತ್ತು. ಊರಿಗೆ ಗೊತ್ತಾದರೆ ದರ್ಬೆ ಪೇಟೆಯ ಅವನ ಅಂಗಡಿಗೆ ಮತ್ತೆ ಯಾರು ಬರುತ್ತಾರೆ? ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಸದ್ದು ಸಾಗುವುದನ್ನು ಪರೀಕ್ಷಿಸಲು ಹಾಕಿದ ಕ್ಯಾಸೆಟ್ಟಿನ ರೈಲು ಅವನ ಪಾಲಿಗೆ ಪೂರ್ತಿ ಬಲಗಡೆಯಲ್ಲೇ ಓಡಿತ್ತು. ಆದರೆ ಪಕ್ಕದಲ್ಲಿ ಚಾಪೆಯ ಮೇಲೆ ಕೂತಿದ್ದ ದೇರಣ್ಣನ ತಾಯಿ ದುಗ್ಗಮ್ಮನ ಕತ್ತು ಸದ್ದಿನ ಜೊತೆ ತಿರುಗಿದ್ದನ್ನು ಅವನು ನೋಡಿದ್ದ.

"ಎಡದಿಂದ ಬಲಕ್ಕೆ."

"ಸರಿ. ಇನ್ನೊಂದು ರೈಲು ಉಂಟು, ಅದನ್ನೂ ಹೇಳಿ ನೋಡುವ," ಎಂದ ದೇರಣ್ಣ ಅವನ ಮುಖವನ್ನೇ ದಿಟ್ಟಿಸಿದ.

ರೈಲು ಕೂಗಿತು. ಮಾಯಿಲಪ್ಪನ ಕಣ್ಣು ಮೆಲ್ಲನೆ ಮುದುಕಿಯತ್ತ ಜಾರಿತು. ಅವಳು ಕತ್ತು ಅಲುಗಿಸದೆ ಅವನನ್ನೇ ನೋಡುತ್ತಿದ್ದಳು.

ದುಗ್ಗಮ್ಮ ಕಣ್ಣು ಮುಚ್ಚಿದಳು. ಆಮೇಲೆ, ಚಿಕ್ಕ ಮಗುವಿಗೂ ತಿಳಿಯುವಷ್ಟು ನಿಧಾನವಾಗಿ, ಬಲದಿಂದ ಎಡಕ್ಕೆ ಕತ್ತು ತಿರುಗಿಸಿದಳು.